ಮುಖದ ಕಾಂತಿಗೆ ಎರಡು ಬೆರಳು ಸನ್‌ಸ್ಕ್ರೀನ್

ಕಲಬುರಗಿ, ರಾಯಚೂರಿನವರು ಏಪ್ರಿಲ್ ಮಧ್ಯಾಹ್ನ ತಲೆಗೆ ಬಟ್ಟೆ ಸುತ್ತದೆ ಹೊರಗೆ ಕಾಲಿಡುವುದಿಲ್ಲ. ಬೆಂಗಳೂರು, ಮೈಸೂರು, ಹಾಸನದವರು ಮಾತ್ರ ‘ಇವತ್ತೇನು ಅಷ್ಟು ಬಿಸಿಲಿಲ್ಲ’ ಎಂದು ಹಾಗೇ ಹೊರಡುತ್ತಾರೆ. ತಂಪು ಗಾಳಿ ಇದ್ದರೆ ಬಿಸಿಲೂ ಸೌಮ್ಯ ಅನ್ನಿಸುತ್ತೆ ಅಲ್ವಾ? ಆದರೆ ಮುಖದಲ್ಲಿ ಕಲೆ ಮೂಡಿಸುವುದು ಸೆಕೆಯಲ್ಲ, ಬಿಸಿಲಿನಲ್ಲಿರುವ ಅತಿನೇರಳೆ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿ ತಟ್ಟುವುದೂ ಇಲ್ಲ. ಎತ್ತರಕ್ಕೆ ಹೋದಷ್ಟೂ ಅದರ ಜೋರು ಜಾಸ್ತಿ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ.

ನಿಮ್ಮ ಮೊಬೈಲ್‌ನಲ್ಲಿ ಹವಾಮಾನ ತೋರಿಸುವ ಆ್ಯಪ್ ತೆರೆದು ನೋಡಿ. ‘ಯುವಿ ಇಂಡೆಕ್ಸ್’ ಎಂಬ ಅಂಕಿ ಇರುತ್ತದೆ, ಅತಿನೇರಳೆ (ಯುವಿ) ಕಿರಣ ಎಷ್ಟು ಜೋರಾಗಿದೆ ಎಂದು ಹೇಳುವುದು ಅದೇ. ಅದು 3 ಮುಟ್ಟಿದರೆ ಚರ್ಮಕ್ಕೆ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 11 ದಾಟಿದರೆ ವಿಪರೀತ ಎಂದೇ ಲೆಕ್ಕ. ನಮ್ಮಲ್ಲಿ ಬೇಸಿಗೆಯ ನಡುಮಧ್ಯಾಹ್ನ 11 ದಾಟುವುದು ಮಾಮೂಲಿ. ಡಿಸೆಂಬರ್ ಚಳಿಯಲ್ಲೂ ಮಧ್ಯಾಹ್ನದ ಅಂಕಿ 3ಕ್ಕಿಂತ ಎಷ್ಟೋ ಮೇಲಿರುತ್ತದೆ. ಆ್ಯಪ್ ಇಲ್ಲದಿದ್ದರೆ ನಿಮ್ಮ ನೆರಳು ನೋಡಿಕೊಳ್ಳಿ. ನೆರಳು ನಿಮಗಿಂತ ಗಿಡ್ಡ ಇದೆಯೆಂದರೆ ಕಿರಣ ಜೋರಾಗಿದೆ ಎಂದರ್ಥ.

ಮುಖ ಕಳೆಕಳೆಯಾಗಿ ಕಾಣಲು ಬಣ್ಣ ಬದಲಾಗಬೇಕಿಲ್ಲ. ಎಣ್ಣೆಗಪ್ಪು ಮುಖ, ಗೋಧಿ ಬಣ್ಣದ ಮುಖ ಎಲ್ಲವೂ ಹೊಳೆಯುತ್ತವೆ. ಅದಕ್ಕೆ ಬೇಕಿರುವುದು ಮೂರೇ: ಚರ್ಮದಲ್ಲಿ ತೇವ ಇರಬೇಕು, ಬಣ್ಣ ಎಲ್ಲೆಡೆ ಒಂದೇ ಸಮ ಇರಬೇಕು, ಉರಿ-ಕೆಂಪು ಇರಬಾರದು. ಈ ಮೂರನ್ನೂ ದಿನದಿನವೂ ಸ್ವಲ್ಪ ಸ್ವಲ್ಪ ಕೆಡಿಸುವುದು ಬಿಸಿಲು. ಹಾಗಾಗಿ ಬೇರೆ ಯಾವುದಕ್ಕೂ ದುಡ್ಡು ಹಾಕುವ ಮುಂಚೆ ಸನ್‌ಸ್ಕ್ರೀನ್‌ಗೆ ಹಾಕಿ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನ್ಯಾಂಬೋರ್ ಎಂಬ ಊರಿದೆ. 1992ರಿಂದ 1996ರವರೆಗೆ ಅಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಲು ಹೇಳಿದರು, ಉಳಿದವರನ್ನು ಅವರಿಷ್ಟಕ್ಕೆ ಬಿಟ್ಟರು. 55 ವರ್ಷದೊಳಗಿನ 903 ಜನರ ಅಂಗೈ ಹಿಂಬದಿಯ ಚರ್ಮದ ಅಚ್ಚು ತೆಗೆದು ಹೋಲಿಸಿದರು. ದಿನಾ ಹಚ್ಚಿದವರ ಚರ್ಮಕ್ಕೆ ವಯಸ್ಸಾದ ಗುರುತು ಶೇ 24ರಷ್ಟು ಕಡಿಮೆ ಇತ್ತು. ಅವರು ಹೆಚ್ಚಿನವರು ಬಿಳಿ ಚರ್ಮದವರು, ಅವರಲ್ಲಿ ಬೇಗ ಕಾಣುವುದು ಸುಕ್ಕು. ನಮ್ಮ ಚರ್ಮದಲ್ಲಿ ಸುಕ್ಕಿಗಿಂತ ಮುಂಚೆ ಬರುವುದು ಬಂಗು, ಮೊಡವೆ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ಕಲೆ, ಬಾಯಿ ಸುತ್ತಲಿನ ಕಪ್ಪು. ಇವನ್ನೆಲ್ಲ ಬಿಸಿಲು ಇನ್ನಷ್ಟು ಗಾಢ ಮಾಡುತ್ತದೆ.

ಮೊದಲು ಅಂಗಡಿಯಲ್ಲಿ

ಟ್ಯೂಬ್ ಮೇಲೆ ಎರಡು ವಿಷಯ ಓದಿ. ಒಂದು ಎಸ್‌ಪಿಎಫ್. ಇದು ಅತಿನೇರಳೆ ಕಿರಣಗಳಲ್ಲಿ ಚರ್ಮ ಸುಡುವ ಬಗೆಯಾದ ಯುವಿಬಿಯ ಲೆಕ್ಕ. ಎಸ್‌ಪಿಎಫ್ 15 ಅದರಲ್ಲಿ ಸುಮಾರು ಶೇ 93ನ್ನು ತಡೆಯುತ್ತದೆ. 30 ಇದ್ದರೆ ಶೇ 97, 50 ಇದ್ದರೆ ಶೇ 98. ಅಂದರೆ 50ರಿಂದ ಮೇಲೆ ಓಡುವ ಅಂಕಿಗಳಿಗೆ ಜಾಸ್ತಿ ದುಡ್ಡು ಕೊಡುವುದು ಬೇಡ. 30 ಅಥವಾ 50 ಸಾಕು.

ಇನ್ನೊಂದು ಪಿಎ, ಅದರ ಪಕ್ಕದ ಪ್ಲಸ್ ಗುರುತುಗಳು. ಜಪಾನಿನಿಂದ ಬಂದ ಈ ಗುರುತು ಯುವಿಎ ಕಿರಣಕ್ಕೆ ಸಂಬಂಧಿಸಿದ್ದು. ನಮ್ಮಂಥ ಚರ್ಮದವರು ಇದನ್ನೇ ಮುಖ್ಯವಾಗಿ ನೋಡಬೇಕು. ಭೂಮಿಗೆ ತಲುಪುವ ಅತಿನೇರಳೆ ಕಿರಣದಲ್ಲಿ ಶೇ 90ಕ್ಕೂ ಹೆಚ್ಚು ಯುವಿಎ. ಅದು ಚರ್ಮದೊಳಗೆ ಆಳಕ್ಕೆ ಇಳಿಯುತ್ತದೆ, ಮೋಡ ದಾಟುತ್ತದೆ, ಕಿಟಕಿ ಗಾಜನ್ನೂ ದಾಟುತ್ತದೆ. ಮೂರು ಅಥವಾ ನಾಲ್ಕು ಪ್ಲಸ್ ಇರುವುದನ್ನು ಆರಿಸಿ.

ಗಾಜಿನ ಮಾತು ಬಂದಾಗ ಅಮೆರಿಕದ ಒಬ್ಬ ಟ್ರಕ್ ಚಾಲಕನ ಫೋಟೊ ನೆನಪಾಗುತ್ತದೆ. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. 28 ವರ್ಷ ಟ್ರಕ್ ಓಡಿಸಿದ ಅವರ ಎಡಗೆನ್ನೆ ಪೂರ್ತಿ ಸುಕ್ಕುಗಟ್ಟಿತ್ತು, ಬಲಗೆನ್ನೆ ಎಷ್ಟೋ ನುಣುಪಾಗಿತ್ತು. ಅಲ್ಲಿ ಚಾಲಕ ಕೂರುವುದು ಎಡಗಡೆ ಕಿಟಕಿಗೆ. ನಮ್ಮಲ್ಲಿ ಬಲಗಡೆ. ಕ್ಯಾಬ್ ಓಡಿಸುವವರು, ದಿನಾ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂರುವವರು, ಆಫೀಸಿನಲ್ಲಿ ಕಿಟಕಿ ಪಕ್ಕ ಕೆಲಸ ಮಾಡುವವರು ‘ನಾನು ಬಿಸಿಲಿಗೆ ಹೋಗೋದೇ ಇಲ್ಲ’ ಎಂದುಕೊಳ್ಳಬೇಡಿ.

ಎಣ್ಣೆ ಚರ್ಮ ಇದ್ದರೆ, ಮಂಗಳೂರು-ಉಡುಪಿಯಂಥ ಬೆವರಿನ ಊರಿನಲ್ಲಿದ್ದರೆ ಜೆಲ್ ರೂಪದ್ದು ಹಿತ. ಒಣ ಚರ್ಮಕ್ಕೆ, ಬಯಲುಸೀಮೆಯ ಒಣಹವೆಗೆ ಕ್ರೀಮ್ ಒಳ್ಳೆಯದು. ಮುಖದ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪದರ ಉಳಿಯುತ್ತದೆ ಎಂದು ಎಷ್ಟೋ ಜನ ಸನ್‌ಸ್ಕ್ರೀನ್ ಬಿಟ್ಟೇಬಿಡುತ್ತಾರೆ. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವವುಗಳಲ್ಲಿ ಈ ತೊಂದರೆ ಜಾಸ್ತಿ. ಅಂಥವರು ನಮ್ಮ ಬಣ್ಣಕ್ಕೆ ಹೊಂದುವ ಟಿಂಟೆಡ್ ಸನ್‌ಸ್ಕ್ರೀನ್ ಕೇಳಿ. ಬಂಗು ಇರುವವರಿಗಂತೂ ನಾನು ಇದನ್ನೇ ಹೇಳುತ್ತೇನೆ. ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಟಿಂಟೆಡ್ ಕ್ರೀಮಿನಲ್ಲಿರುವ ಐರನ್ ಆಕ್ಸೈಡ್ ಆ ಬೆಳಕನ್ನೂ ತಡೆಯುತ್ತದೆ.

ಬೆಳಿಗ್ಗೆ

ಮುಖ ತೊಳೆಯುವುದರಿಂದ ಶುರು. ಮೈಸೋಪು ಬೇಡ. ಚರ್ಮ ಸಹಜವಾಗಿ ಸ್ವಲ್ಪ ಆಮ್ಲದ ಕಡೆಗಿರುತ್ತದೆ, ಅದರ ಪಿಎಚ್ ಸುಮಾರು 5. ಮಾಮೂಲಿ ಸೋಪಿನ ಪಿಎಚ್ 9-10, ಅಂದರೆ ಕ್ಷಾರದ ಕಡೆಗೆ. ತೊಳೆದ ಮೇಲೆ ಮುಖ ಬಿಗಿಯುತ್ತದಲ್ಲ, ಅದು ಶುಚಿಯಾದ ಗುರುತಲ್ಲ, ತೇವ ಕಳೆದುಕೊಂಡ ಗುರುತು. ನೊರೆ ಕಡಿಮೆ ಇರುವ ಫೇಸ್‌ವಾಶ್ ತೆಗೆದುಕೊಳ್ಳಿ. ತೀರಾ ಒಣ ಚರ್ಮ ಇದ್ದರೆ ಬೆಳಿಗ್ಗೆ ಬರೀ ನೀರೇ ಸಾಕು. ಟವೆಲ್ಲಿನಿಂದ ಉಜ್ಜಬೇಡಿ, ಒತ್ತಿಕೊಳ್ಳಿ.

ಮುಖ ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್. ಗ್ಲಿಸರಿನ್ ಅಥವಾ ಸೆರಮೈಡ್ ಇರುವ ಸಾದಾ ಕ್ರೀಮ್ ಸಾಕು. ಎಣ್ಣೆ ಚರ್ಮದವರಿಗೆ ಸನ್‌ಸ್ಕ್ರೀನಿನಲ್ಲೇ ಬೇಕಾದಷ್ಟು ತೇವ ಸಿಕ್ಕಿದರೆ ಇದನ್ನು ಬಿಡಬಹುದು. ಕೊಬ್ಬರಿ ಎಣ್ಣೆ ಕೈಕಾಲಿಗೆ ಚೆನ್ನ. ಮೊಡವೆ ಏಳುವ ಮುಖಕ್ಕೆ ಬೇಡ, ಅದು ರಂಧ್ರ ಕಟ್ಟಿಸುತ್ತದೆ.

ಇನ್ನು ಸನ್‌ಸ್ಕ್ರೀನ್. ತಪ್ಪುವುದು ಇಲ್ಲೇ, ಅದೂ ಪ್ರಮಾಣದಲ್ಲಿ. ಟ್ಯೂಬ್ ಮೇಲಿನ ಎಸ್‌ಪಿಎಫ್ ಅಂಕಿ ಬಂದಿರುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡಿದಾಗ. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಅರ್ಧ, ಕೆಲವೊಮ್ಮೆ ಕಾಲು ಭಾಗ. ಆಗ 50 ಎಂದು ಬರೆದಿದ್ದರೂ ನಿಮಗೆ ಅಷ್ಟು ರಕ್ಷಣೆ ಸಿಗುವುದಿಲ್ಲ. ಸುಲಭದ ಅಳತೆ ಹೀಗಿದೆ: ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡಿ. ಮುಖ ಮತ್ತು ಕುತ್ತಿಗೆಗೆ ಅಷ್ಟೂ ಬೇಕು. ಒಂದೇ ಸಲ ಹಚ್ಚಿದರೆ ಜಾಸ್ತಿ ಅನ್ನಿಸಬಹುದು. ಮೊದಲು ಒಂದು ಬೆರಳಿನದು ಹಚ್ಚಿ, ಅದು ಹೀರಿದ ಮೇಲೆ ಇನ್ನೊಂದು.

ಸರಿಯಾಗಿ ಹಚ್ಚುತ್ತಿದ್ದೀರಾ ಎಂದು ತಿಳಿಯುವ ದಾರಿಯೂ ಇದೆ. ಮುಖ-ಕುತ್ತಿಗೆಗೆ ಒಂದು ಸಲಕ್ಕೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ದಿನಕ್ಕೆ ಒಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳಲ್ಲಿ ಮುಗಿಯಬೇಕು. ಆರು ತಿಂಗಳಿಂದ ಒಂದೇ ಟ್ಯೂಬ್ ಓಡುತ್ತಿದ್ದರೆ ಅದು ಸುಮ್ನೆ ಹಚ್ಚಿದ್ದು. ಆದ್ದರಿಂದಲೇ ನೀವು ಧಾರಾಳವಾಗಿ ಬಳಸಬಲ್ಲ ಬೆಲೆಯದನ್ನೇ ಕೊಳ್ಳಿ. ದುಬಾರಿಯದನ್ನು ತಂದು ಕಡಲೆಕಾಳಿನಷ್ಟು ಹಚ್ಚುವುದಕ್ಕಿಂತ ಅದು ಎಷ್ಟೋ ಮೇಲು.

ಮರೆತುಹೋಗುವ ಜಾಗಗಳು: ಕಿವಿ, ಕುತ್ತಿಗೆಯ ಹಿಂಭಾಗ, ಅಂಗೈ ಹಿಂಬದಿ. ಸೀರೆ ಉಡುವವರಿಗೆ ಬ್ಲೌಸಿನ ಬೆನ್ನು, ಸೊಂಟ. ಚಪ್ಪಲಿ ಹಾಕುವವರಿಗೆ ಪಾದದ ಮೇಲ್ಭಾಗ. ಪೌಡರ್, ಮೇಕಪ್ ಏನಿದ್ದರೂ ಸನ್‌ಸ್ಕ್ರೀನ್ ಒಣಗಿದ ಮೇಲೆ. ಹೊರಡುವ 15 ನಿಮಿಷ ಮುಂಚೆ ಹಚ್ಚಿದರೆ ಸರಿಹೋಗುತ್ತದೆ.

ಹೊರಗಿರುವಾಗ

ಬಿಸಿಲಲ್ಲಿ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವರು ಒರೆಸಿಕೊಂಡರೆ ಅದಕ್ಕೂ ಮುಂಚೆಯೇ. ಒಳಗೇ ಕೆಲಸ ಮಾಡುವವರು ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗುವಾಗ ಒಮ್ಮೆ, ಸಂಜೆ ಬಿಸಿಲಿರುವಾಗಲೇ ಹೊರಡುವುದಾದರೆ ಇನ್ನೊಮ್ಮೆ ಹಚ್ಚಿದರೆ ಸಾಕು.

ಕ್ರೀಮ್ ಒಂದನ್ನೇ ನಂಬಬೇಡಿ. ಸ್ಕೂಟರ್ ಓಡಿಸುವ ಹೆಣ್ಣುಮಕ್ಕಳು ದುಪಟ್ಟಾ ಸುತ್ತಿ, ತೋಳಿಗೆ ಉದ್ದ ಗ್ಲೌಸ್ ಹಾಕುತ್ತಾರಲ್ಲ, ಅದು ಬಹಳ ಒಳ್ಳೆಯ ರಕ್ಷಣೆ. ಗಂಡಸರು ಹೆಲ್ಮೆಟ್ಟಿನ ಗಾಜು ಮೇಲೆತ್ತಿಕೊಂಡು, ಮೊಣಕೈವರೆಗೆ ತೋಳು ಮಡಚಿ ಓಡಿಸುತ್ತಾರೆ. ಅಂಗೈ ಹಿಂಬದಿಯ ಬಣ್ಣವನ್ನು ಮೇಲ್ತೋಳಿನ ಬಣ್ಣಕ್ಕೆ ಹೋಲಿಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹೊಲದಲ್ಲಿ, ಅಡಿಕೆ ಅಂಗಳದಲ್ಲಿ, ರಸ್ತೆ ಕೆಲಸದಲ್ಲಿ ದಿನವಿಡೀ ಇರುವವರಿಗೆ ಎರಡು ಗಂಟೆಗೊಮ್ಮೆ ಕ್ರೀಮ್ ಹಚ್ಚಿ ಎನ್ನುವುದು ನ್ಯಾಯವಾದ ಮಾತಲ್ಲ. ಅವರಿಗೆ ಅಗಲ ಅಂಚಿನ ಟೋಪಿ, ರುಮಾಲು, ತುಂಬುತೋಳಿನ ಹತ್ತಿ ಅಂಗಿ ಹೆಚ್ಚು ಉಪಯೋಗ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡವೇ ಬೇಡ, ನೆರಳು ಮತ್ತು ಬಟ್ಟೆ ಸಾಕು.

ರಾತ್ರಿ

ಸನ್‌ಸ್ಕ್ರೀನ್ ಪೂರ್ತಿ ಹೋಗುವಂತೆ ಮುಖ ತೊಳೆಯಿರಿ, ಮತ್ತೆ ಮಾಯಿಶ್ಚರೈಸರ್ ಹಚ್ಚಿ. ಶುರುವಿನ ಒಂದು ತಿಂಗಳು ಇಷ್ಟೇ ಮಾಡಿ. ಚರ್ಮದ ಮೇಲ್ಪದರ ಬದಲಾಗಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ವಾರಕ್ಕೊಂದು ಸೀರಮ್ ಬದಲಾಯಿಸುತ್ತಾ ಹೋದರೆ ಯಾವುದು ಒಗ್ಗಿತು, ಯಾವುದು ಕೆರಳಿಸಿತು ಎಂದು ಗೊತ್ತೇ ಆಗುವುದಿಲ್ಲ.

ಆಮೇಲೆ ಬೇಕೆನ್ನಿಸಿದರೆ ಒಂದೇ ಒಂದನ್ನು ಸೇರಿಸಿ. ಕಲೆ, ಎಣ್ಣೆಯಂಶ ಎರಡಕ್ಕೂ ನಯಾಸಿನಮೈಡ್ ಶೇ 5ರಷ್ಟಿರುವುದು ಸೌಮ್ಯ. ಮೊಡವೆ ಮತ್ತು ಅದರ ಕಲೆಗೆ ಅಝೆಲಾಯಿಕ್ ಆ್ಯಸಿಡ್ ಒಳ್ಳೆಯದು. ರೆಟಿನಾಲ್ ಸುಕ್ಕಿಗೆ ಕೆಲಸ ಮಾಡುತ್ತದೆ, ಆದರೆ ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಬೇಕು. ಬಸುರಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಅದನ್ನು ಮುಟ್ಟಬಾರದು. ಏನೇ ಹೊಸದಾದರೂ ಮೊದಲು ಮುಂಗೈ ಒಳಭಾಗಕ್ಕೆ ಎರಡು ಮೂರು ದಿನ ಹಚ್ಚಿ ನೋಡಿ.

ಬಿಡಬೇಕಾದ್ದು

ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಅದರಲ್ಲಿರುವ ಕೆಲವು ರಾಸಾಯನಿಕಗಳು ಬಿಸಿಲು ತಾಗಿದಾಗ ಕೆರಳುತ್ತವೆ. ಅಡುಗೆ ಸೋಡಾ, ಸಕ್ಕರೆ ಹಾಕಿ ತಿಕ್ಕುವುದೂ ಬೇಡ. ಕಡಲೆಹಿಟ್ಟು ಹಚ್ಚುವ ಅಭ್ಯಾಸ ಇದ್ದರೆ ಇರಲಿ, ಗಸಗಸ ಉಜ್ಜಬೇಡಿ, ನೀರು ಹಾಕಿ ತೊಳೆದುಬಿಡಿ. ಲೀಟರ್‌ಗಟ್ಟಲೆ ನೀರು ಕುಡಿದರೆ ಮುಖ ಹೊಳೆಯುತ್ತೆ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ಬಾಯಾರಿದಷ್ಟು ಕುಡಿಯಿರಿ.

ನನಗೆ ನಿಜವಾಗಿ ಸಂಕಟ ಆಗುವುದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಹಚ್ಚುವ ಕ್ರೀಮ್‌ಗಳ ವಿಷಯದಲ್ಲಿ. ಒಂದು ವಾರದಲ್ಲೇ ಮುಖ ತಿಳಿಯಾಗುತ್ತದೆ, ಪಕ್ಕದ ಮನೆಯವರಿಗೂ ಹೇಳುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರು ಟ್ಯೂಬ್ ಮೇಲಿದೆಯಾ ನೋಡಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಕೂದಲು ಬೆಳೆಯುತ್ತದೆ, ಬಿಟ್ಟ ಕೂಡಲೇ ಮುಖ ಉರಿದು ಕೆಂಪಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮ್‌ಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಈಗಾಗಲೇ ಹಚ್ಚುತ್ತಿದ್ದರೆ ಗಾಬರಿಯಾಗಿ ಒಮ್ಮೆಲೇ ನಿಲ್ಲಿಸಬೇಡಿ, ಟ್ಯೂಬ್ ಹಿಡಿದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ತಯಾರಕರ ವಿಳಾಸವೇ ಇಲ್ಲದ ಬಿಳುಪಿನ ಕ್ರೀಮ್‌ಗಳು ಇನ್ನೂ ಅಪಾಯ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಅಂಥವನ್ನು ಹಚ್ಚಿದ ಕೆಲವರಿಗೆ ಕಿಡ್ನಿ ಕಾಯಿಲೆ ಬಂದದ್ದು 2023ರಲ್ಲಿ ಸುದ್ದಿಯಾಗಿತ್ತು. ಅನುಮಾನ ಹೋದದ್ದು ಕ್ರೀಮಿನಲ್ಲಿದ್ದ ಪಾದರಸದ ಮೇಲೆ.

ಡಾಕ್ಟರಿಗೆ ತೋರಿಸಬೇಕಾದ್ದು

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪವಾಗಿ, ಮಖಮಲ್ಲಿನಂತೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ. ಮಕ್ಕಳನ್ನು ಕೂರಿಸಿಕೊಂಡು ಅದನ್ನು ತಿಕ್ಕಿ ತೆಗೆಯಲು ನೋಡುವ ತಾಯಂದಿರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವಾಗ ಹೀಗಾಗುವುದು ಹೆಚ್ಚು. ಸಕ್ಕರೆ ಪರೀಕ್ಷೆ ಮಾಡಿಸಿ, ತೂಕ ನೋಡಿಕೊಳ್ಳಿ. ಅಂಟಿಸುವ ಬಿಂದಿ ಇಟ್ಟ ಜಾಗದಲ್ಲಿ ತುರಿಕೆ ಅಥವಾ ಬಿಳಿ ಮಚ್ಚೆ ಬಂದರೆ ಆ ಅಂಟು ಒಗ್ಗಿಲ್ಲವೆಂದೇ ತಿಳಿದು ಕೂಡಲೇ ಬಿಡಿ. ದಿನಾ ಸನ್‌ಸ್ಕ್ರೀನ್ ಹಚ್ಚಿಯೂ ಮೂರು ತಿಂಗಳಲ್ಲಿ ಬಂಗು ತಿಳಿಯಾಗದಿದ್ದರೆ ಅದಕ್ಕೆ ಬೇರೆ ಔಷಧ ಬೇಕು. ಜಿಲ್ಲಾಸ್ಪತ್ರೆಗಳಲ್ಲಿ, ಸರ್ಕಾರಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇರುತ್ತದೆ. ಹೋಗುವಾಗ ಈವರೆಗೆ ಮುಖಕ್ಕೆ ಹಚ್ಚಿದ ಎಲ್ಲ ಟ್ಯೂಬ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಖಾಲಿಯಾದವನ್ನೂ ಸೇರಿಸಿ.