ಭಟ್ಟಿ ಓಣಿಯ ಹಳೇ ಡೆಸ್ಕ್‌ಟಾಪಿಗೆ ವೈ-ಫೈ ಮತ್ತೆ ಬಂದ ಬಗೆ

ಹಳೇ ಡೆಸ್ಕ್‌ಟಾಪಿನಲ್ಲಿ ವೈ-ಫೈ ನಿಂತಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಕಾರ್ಡ್ ಬಗ್ಗೆ ಅಲ್ಲ. "ಇತ್ತೀಚೆಗೆ ರೌಟರ್ ಏನಾದ್ರೂ ಬದಲಾಯಿಸಿದ್ರಾ?" ಅಂತ ಕೇಳುತ್ತೇನೆ. ಹೌದು ಅನ್ನುವವರೇ ಜಾಸ್ತಿ. ಫೈಬರ್ ಹಾಕಿಸಿರುತ್ತಾರೆ, ಅದರ ಜೊತೆ ಹೊಸ ರೌಟರ್ ಬಂದಿರುತ್ತದೆ. ಮೊಬೈಲು, ಟಿವಿ ಎಲ್ಲ ಚೆನ್ನಾಗಿ ಓಡುತ್ತಿರುತ್ತವೆ. ಹಳೇ ಕಂಪ್ಯೂಟರ್ ಒಂದೇ ಕೈಕೊಟ್ಟಿರುತ್ತದೆ. ಹಾಗಾಗಿ ತಪ್ಪೆಲ್ಲ ಅದರ ತಲೆಗೇ ಕಟ್ಟುತ್ತಾರೆ.

ದಾವಣಗೆರೆಯಲ್ಲಿ ನನ್ನದು ಸಣ್ಣ ಕಂಪ್ಯೂಟರ್ ರಿಪೇರಿ ಕೆಲಸ. ಮಂಡಿಯವರು, ಬಟ್ಟೆ ಅಂಗಡಿಯವರು, ಟ್ಯೂಷನ್ ಮೇಷ್ಟ್ರು, ಇಂಥವರೇ ಗಿರಾಕಿಗಳು. ಇವರ್‍ಯಾರೂ ಕಂಪ್ಯೂಟರ್ ಪೂರ್ತಿ ಸಾಯುವ ತನಕ ಹೊಸದು ಕೊಳ್ಳುವವರಲ್ಲ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಬಿಲ್ ಹೊಡೆಯೋದಕ್ಕೆ, ಟ್ಯಾಲಿಗೆ, ತಿಂಗಳಿಗೊಮ್ಮೆ ಜಿಎಸ್‌ಟಿ ತುಂಬೋದಕ್ಕೆ ಇನ್ನೇನು ಬೇಕು?

ಮಂಡಕ್ಕಿ ಹುರಿಯುವ ಭಟ್ಟಿಗಳ ಓಣಿ ಕಡೆ ಹೋಲ್‌ಸೇಲ್ ಅಂಗಡಿ ಇಟ್ಟಿರುವ ಯಜಮಾನರೊಬ್ಬರು ಫೋನ್ ಮಾಡಿದ್ದರು.

"ತಮ್ಮಾ, ವೈ-ಫೈ ಕಾರ್ಡ್ ಹೋಗೈತಿ. ಬರುವಾಗ ಒಂದು ಹೊಸಾದು ತಗಂಡೇ ಬಾ."

"ಮೊದ್ಲು ನೋಡ್ತೀನಿ ಇರ್‍ರಿ ಯಜಮಾನ್ರೇ. ರೌಟರ್ ಹಳೇದೇ ಐತೇನ್ರಿ?"

"ಇಲ್ಲಪ್ಪ, ಹೋದ ತಿಂಗ್ಳು ಫೈಬರ್ ಹಾಕ್ಸಿದ್ವಲ್ಲ."

ಅಲ್ಲಿಗೆ ನನ್ನ ಗುಮಾನಿ ಅರ್ಧ ಕಾರ್ಡ್ ಬಿಟ್ಟು ರೌಟರ್ ಕಡೆ ಹೋಯಿತು. ಹಾಗಾಗಿ ಹೊಸ ಕಾರ್ಡ್ ಬದಲು ಸ್ಕ್ರೂಡ್ರೈವರ್, ಬ್ರಷ್, ಮಲ್ಟಿಮೀಟರ್, ಪೆನ್ಸಿಲ್ ರಬ್ಬರ್, ಬೋರ್ಡಿಗೆ ಹಾಕುವ 2032 ಗುಂಡು ಶೆಲ್ಲು, ಲಿನಕ್ಸ್ ಹಾಕಿದ ಪೆನ್‌ಡ್ರೈವ್ ಚೀಲದಲ್ಲಿ ಹಾಕಿಕೊಂಡೇ ಹೊರಟೆ.

ಇಂಟೆಲ್ ಜಿ31 ಬೋರ್ಡು, ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ಡಿಡಿಆರ್2 ರ್‍ಯಾಮ್, ವಿಂಡೋಸ್ 7. ಹಳೇ ಕಾಲದ ಗಟ್ಟಿ ಮಾಲು. ವೈ-ಫೈ ಕಾರ್ಡ್ ಕೂತಿದ್ದು ಬಿಳೀ ಬಣ್ಣದ ಉದ್ದನೆಯ ಪಿಸಿಐ ಸ್ಲಾಟಿನಲ್ಲಿ. ಪಕ್ಕದಲ್ಲಿರುವ ಗಿಡ್ಡ ಸ್ಲಾಟು ಪಿಸಿಐ ಎಕ್ಸ್‌ಪ್ರೆಸ್. ಈಗ ಅಂಗಡಿಯಲ್ಲಿ ಸಿಗುವ ಕಾರ್ಡುಗಳೆಲ್ಲ ಹೆಚ್ಚುಕಮ್ಮಿ ಆ ಗಿಡ್ಡ ಸ್ಲಾಟಿನವೇ. ಹಳೇ ಕಾರ್ಡ್ ಕೈಯಲ್ಲಿ ಹಿಡಿದುಕೊಂಡು "ಇಂಥದ್ದೇ ಕೊಡಿ" ಅಂದರೆ ಸಿಗೋದು ಕಷ್ಟ.

ಮುಚ್ಚಳ ಬಿಚ್ಚಿದೆ. ಭಟ್ಟಿ ಓಣಿಯ ಕಂಪ್ಯೂಟರ್ ಒಳಗೆ ಬೇರೆ ಕಡೆಯ ಹಾಗೆ ಬೂದು ಧೂಳಿರಲ್ಲ. ಕರ್‍ರಗಿನ ಮಸಿ ಇರುತ್ತದೆ, ಅದರ ಮೇಲೆ ನುಣ್ಣನೆ ಹೊಟ್ಟು ಅಂಟಿರುತ್ತದೆ. ಬಾಯಿಂದ ಊದಿದರೆ ಹೋಗಲ್ಲ, ಬ್ರಷ್ಷಿನಲ್ಲಿ ಕೆರೆಯಬೇಕು. ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಒಳಗೆ ಉಳಿದ ಕರೆಂಟ್ ಕಳೆದು, ಕ್ಯಾಬಿನೆಟ್ಟಿನ ಬರೀ ಲೋಹ ಮುಟ್ಟಿಕೊಂಡು ಆಮೇಲೆ ಕಾರ್ಡಿಗೆ ಕೈ ಹಾಕಿದೆ.

ಆಗ ಕಂಡಿದ್ದು, ಕಾರ್ಡ್ ನೆಟ್ಟಗೆ ಕೂತಿರಲಿಲ್ಲ. ಹಿಂಬದಿಯ ಪಟ್ಟಿ ಹಿಡಿಯುವ ಸ್ಕ್ರೂನೇ ಇಲ್ಲ. ಇಂಟರ್ನೆಟ್ ಹೋದ ಮೇಲೆ ಮನೆಯ ಹುಡುಗ ಯಾರೋ ಕಾರ್ಡ್ ತೆಗೆದು ಮತ್ತೆ ಚುಚ್ಚಿದ್ದನಂತೆ. ಸ್ಕ್ರೂ ಇಲ್ಲದಿದ್ದರೆ ಹೊರಗಿನ ಆಂಟೆನಾ ಭಾರಕ್ಕೆ ಕಾರ್ಡಿನ ಒಂದು ತುದಿ ಮೇಲಕ್ಕೆ ಏಳುತ್ತದೆ. ಕಣ್ಣಿಗೆ ಕಾಣುವುದು ಒಂದು ಕೂದಲೆಳೆಯಷ್ಟು. ಅಷ್ಟು ಸಾಕು, ವಿಂಡೋಸಿಗೆ ಕಾರ್ಡ್ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯ.

ಕಾರ್ಡ್ ಹೊರತೆಗೆದು ಬೆಳಕಿಗೆ ಹಿಡಿದೆ. ಕೆಳಗಿನ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿದ್ದವು, ಒಂದು ಮೂಲೆಯಲ್ಲಿ ಕಂದು ಕಲೆ. ಪೆನ್ಸಿಲ್ ರಬ್ಬರಿನಲ್ಲಿ ಒಂದೇ ದಿಕ್ಕಿಗೆ ಮೆಲ್ಲಗೆ ತಿಕ್ಕಿದರೆ ಹೊಳಪು ಬರುತ್ತದೆ. ಇಂಕು ಅಳಿಸುವ ಒರಟು ರಬ್ಬರ್ ಬೇಡವೇ ಬೇಡ, ಅದು ಮೇಲಿನ ಲೇಪನವನ್ನೇ ಕೆರೆದುಬಿಡುತ್ತದೆ. ತಿಕ್ಕಿದ ಮೇಲೆ ರಬ್ಬರಿನ ಪುಡಿ ಸ್ಲಾಟಿಗೆ ಬೀಳದ ಹಾಗೆ ಒರೆಸಿ, ಪಕ್ಕದ ಇನ್ನೊಂದು ಪಿಸಿಐ ಸ್ಲಾಟಿಗೆ ಹಾಕಿ ಸ್ಕ್ರೂ ಬಿಗಿದೆ. ಸ್ಲಾಟ್ ಬದಲಾಯಿಸಿದ್ದಕ್ಕೆ ಕಾರಣ ಇದೆ. ಹಳೇ ಸ್ಲಾಟಿನ ಒಳಗೂ ಮಸಿ ಇಳಿದಿರುತ್ತದೆ, ಅದನ್ನು ತೆಗೆಯೋದು ತಲೆನೋವು.

ಬೋರ್ಡಿನ ಶೆಲ್ಲನ್ನೂ ಅಳೆದೆ. 3 ವೋಲ್ಟ್ ಇರಬೇಕಾದ ಕಡೆ 2ರ ಆಸುಪಾಸು ಇತ್ತು. ವೈ-ಫೈಗೂ ಶೆಲ್ಲಿಗೂ ಏನು ಸಂಬಂಧ ಅಂತ ಯಜಮಾನರ ಮಗ ಕೇಳಿದ. ಸಂಬಂಧ ಇದೆ. ಶೆಲ್ಲು ಸತ್ತರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದ್ದರೆ ಜಿಎಸ್‌ಟಿ ಪೋರ್ಟಲ್ ಆಗಲಿ ಬ್ಯಾಂಕ್ ಆಗಲಿ ತೆರೆಯಲ್ಲ. ಸರ್ಟಿಫಿಕೇಟ್ ಸರಿಯಿಲ್ಲ ಅಂತ ಬ್ರೌಸರ್ ಕೂಗುತ್ತದೆ. ವೈ-ಫೈ ಸರಿಯಾಗೇ ಇರುತ್ತದೆ, ನೋಡುವವರಿಗೆ ಮಾತ್ರ "ನೆಟ್ ಇಲ್ಲ" ಅನ್ನಿಸುತ್ತದೆ. ಹೊಸ ಶೆಲ್ಲು ಹಾಕಿ ಬೋರ್ಡಿನ ಸೆಟಪ್ ಆದ ಬಯೋಸಿನಲ್ಲಿ ತಾರೀಖು ಸರಿ ಮಾಡಿದೆ.

ಕಂಪ್ಯೂಟರ್ ಆನ್ ಮಾಡಿ ಒಳಗಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೆ. ಇಲ್ಲಿ ನೋಡಬೇಕಾದ್ದು ಇಷ್ಟೇ. ಕಾರ್ಡ್ ಪಟ್ಟಿಯಲ್ಲೇ ಇಲ್ಲ ಅಂದರೆ ತೊಂದರೆ ಸ್ಲಾಟಿನಲ್ಲೋ ಕಾರ್ಡಿನಲ್ಲೋ ಇದೆ, ಸಾಫ್ಟ್‌ವೇರ್ ಮುಟ್ಟಬೇಡಿ. ಹಳದಿ ಗುರುತು ಇದ್ದರೆ ಹೆಚ್ಚಿನ ಸಲ ಡ್ರೈವರ್ (ಕಾರ್ಡನ್ನು ವಿಂಡೋಸಿಗೆ ಪರಿಚಯಿಸುವ ಸಾಫ್ಟ್‌ವೇರ್) ತೊಂದರೆ. ಹೆಸರು ಸ್ವಚ್ಛವಾಗಿ ಬಂದಿದ್ದರೆ ಕಂಪ್ಯೂಟರಿನ ಹೊರಗೆ ಹುಡುಕಲು ಶುರುಮಾಡಬಹುದು. ನಮ್ಮದಕ್ಕೆ ಮೊದಲು ಹಳದಿ ಗುರುತು ಬಂತು. ಸ್ಲಾಟ್ ಬದಲಾದ್ದರಿಂದ ವಿಂಡೋಸ್ ಅದನ್ನು ಹೊಸ ಕಾರ್ಡ್ ಅಂತ ತಿಳಿದು ಡ್ರೈವರ್ ಹುಡುಕುತ್ತಿತ್ತು. ಒಂದು ನಿಮಿಷ ಸುಮ್ನೆ ಬಿಟ್ಟೆ, ಗುರುತು ಹೋಯಿತು.

ಹೋಗದೇ ಇದ್ದಿದ್ದರೆ ಹಾರ್ಡ್‌ವೇರ್ ಐಡಿ, ಅಂದರೆ ಚಿಪ್ ಯಾವುದು ಅಂತ ಹೇಳುವ ನಂಬರ್, ನೋಡಲೇಬೇಕಿತ್ತು. ಡಬ್ಬಿ ಮೇಲಿನ ಹೆಸರು ನಂಬಿ ಡ್ರೈವರ್ ಇಳಿಸಿಕೊಂಡು ಒದ್ದಾಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಒಂದೇ ಮಾಡೆಲ್ ನಂಬರಿನ ಕಾರ್ಡು, ಒಂದು ವರ್ಷ ಒಂದು ಚಿಪ್, ಮುಂದಿನ ವರ್ಷ ಇನ್ನೊಂದು ಚಿಪ್ ಹಾಕಿ ಬಂದಿರುತ್ತದೆ. ಐಡಿ ಮಾತ್ರ ಸುಳ್ಳು ಹೇಳಲ್ಲ. ಕಾರ್ಡಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಸ್. ಅಲ್ಲಿ ವೆಂಡರ್ ನಂಬರ್ 168ಸಿ ಇದ್ದರೆ ಆಥೆರೋಸ್ ಚಿಪ್. 14ಇ4 ಇದ್ದರೆ ಬ್ರಾಡ್‌ಕಾಮ್. 10ಇಸಿ ರಿಯಲ್‌ಟೆಕ್. 1814 ರಾಲಿಂಕ್. ಗುರುತು ಹೋಗಿದ್ದರೂ ಒಮ್ಮೆ ನೋಡಿದೆ. ನಮ್ಮದು 168ಸಿ, ಪಕ್ಕದಲ್ಲಿ 001ಎ. ಅಂದರೆ ಆಥೆರೋಸ್ ಎಆರ್2413 ಜಾತಿಯದು, ವೈ-ಫೈನ ಹಳೇ ಪೀಳಿಗೆಗಳಾದ ಬಿ ಮತ್ತು ಜಿ ಮಾತ್ರ ಗೊತ್ತಿರುವ, ವೈ-ಫೈ ಓಡುವ 2.4 ಮತ್ತು 5 ಗಿಗಾಹರ್ಟ್ಸ್ ಅಲೆಗಳಲ್ಲಿ 2.4 ಮಾತ್ರ ಕೇಳುವ ಕಾರ್ಡು. ಮುಂದಿನ ಎಲ್ಲದಕ್ಕೂ ಉತ್ತರ ಈ ಒಂದು ಸಾಲಿನಲ್ಲೇ ಇತ್ತು.

ಡ್ರೈವರ್ ಇಳಿಸಬೇಕು, ಆದರೆ ಕಂಪ್ಯೂಟರಿಗೆ ನೆಟ್ಟೇ ಇಲ್ಲ ಅಂದರೆ? ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕೆಲಸ ಮುಗಿಯುವ ತನಕ ಮೊಬೈಲೇ ನೆಟ್ ಕೊಡುತ್ತದೆ.

ಡ್ರೈವರ್ ಮೇಲೆ ಇನ್ನೂ ಅನುಮಾನ ಇದ್ದರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡುವುದು ನನ್ನ ಪದ್ಧತಿ. ಹಾರ್ಡ್‌ಡಿಸ್ಕ್ ಮುಟ್ಟುವ ಹಾಗೇ ಇಲ್ಲ, ಯಜಮಾನರಿಗೂ ಭಯ ಇರಲ್ಲ. ಅಲ್ಲಿ ವೈ-ಫೈ ಬಂದರೆ ಕಾರ್ಡ್ ಚೆನ್ನಾಗಿದೆ, ವಿಂಡೋಸೇ ಕೆಟ್ಟಿದೆ ಅಂತ. ಈ ಆಥೆರೋಸ್ ಚಿಪ್ಪಿಗೆ ಲಿನಕ್ಸಿನಲ್ಲಿ ಬೇರೆ ಫರ್ಮ್‌ವೇರ್ (ಚಿಪ್ಪಿನ ಒಳಗೆ ಓಡುವ ಸಾಫ್ಟ್‌ವೇರ್) ಬೇಕಿಲ್ಲ, ಹಾಗೇ ಎದ್ದು ಬರುತ್ತದೆ. ಹಳೇ ಬ್ರಾಡ್‌ಕಾಮ್ ಹಾಗಲ್ಲ. ಅದಕ್ಕೆ ಫರ್ಮ್‌ವೇರ್ ಬೇರೆ ಹಾಕಬೇಕು. ಅದು ಗೊತ್ತಿಲ್ಲದೆ ಪೆನ್‌ಡ್ರೈವ್‌ನಲ್ಲೂ ಬರಲಿಲ್ಲ ಅಂತ ಒಳ್ಳೇ ಕಾರ್ಡನ್ನು ಕಸಕ್ಕೆ ಹಾಕಿಬಿಡುತ್ತಾರೆ.

ಇಷ್ಟಾದ ಮೇಲೆ ವಿಂಡೋಸಿನಲ್ಲಿ ವೈ-ಫೈ ಪಟ್ಟಿ ತೆರೆದೆ. ಅಕ್ಕಪಕ್ಕದ ಅಂಗಡಿಗಳ ಹೆಸರೆಲ್ಲ ಬಂತು. ಇವರದ್ದೇ ಇಲ್ಲ! ನನ್ನ ಮೊಬೈಲಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸಿಗೆ ಇಟ್ಟು ಆನ್ ಮಾಡಿದೆ. ಅದು ಕಾಣಿಸಿತು, ಪಾಸ್‌ವರ್ಡ್ ಹೊಡೆದ ಕೂಡಲೇ ಕನೆಕ್ಟೂ ಆಯಿತು. ಯಜಮಾನರನ್ನು ಕರೆದು ತೋರಿಸಿದೆ.

"ಕಾರ್ಡ್ ಹೋಗಿಲ್ರಿ. ನಿಮ್ ರೌಟರ್ ಮಾತಾಡೋದು ಇದಕ್ಕೆ ಕೇಳ್ತಿಲ್ಲ ಅಷ್ಟೇ."

"ಹಂಗಾರೆ ರೌಟರ್‍ನೋರಿಗೆ ಫೋನ್ ಹಚ್ಲಾ?"

"ಬ್ಯಾಡ ಇರ್‍ರಿ. ನಾನೇ ಒಳಗೆ ಹೋಗಿ ನೋಡ್ತೀನಿ."

ರೌಟರ್ ಕೆಳಗಿನ ಚೀಟಿಯಲ್ಲಿ ವಿಳಾಸ, ಪಾಸ್‌ವರ್ಡ್ ಎರಡೂ ಇದ್ದವು. ಮೊಬೈಲಿಂದಲೇ ಒಳಗೆ ಹೋದೆ. 2.4 ಮತ್ತು 5 ಗಿಗಾಹರ್ಟ್ಸ್ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರು. ಚಾನೆಲ್, ಅಂದರೆ ಆ ಅಲೆಯೊಳಗಿನ ದಾರಿಯ ನಂಬರ್, ಆಟೋ ಅಂತಿತ್ತು, ರೌಟರ್ ತಾನಾಗಿ 13 ಆರಿಸಿಕೊಂಡಿತ್ತು. ಸಿಕ್ಕಿತು ಕಳ್ಳ. ನಮ್ಮ ದೇಶದಲ್ಲಿ 1ರಿಂದ 13ರ ತನಕದ ಚಾನೆಲ್ ಬಳಸಬಹುದು. ಅಮೆರಿಕದ ಲೆಕ್ಕದಲ್ಲಿ 11ಕ್ಕೇ ನಿಲ್ಲುತ್ತದೆ. ಆ ಲೆಕ್ಕಕ್ಕೆ ತಯಾರಾದ ಹಳೇ ಕಾರ್ಡುಗಳು 12, 13ರ ಕಡೆ ಕಿವಿಯನ್ನೇ ಕೊಡಲ್ಲ. ಹೆಸರೂ ಕಾಣಲ್ಲ. ಅಕ್ಕಪಕ್ಕದ ಅಂಗಡಿಗಳೆಲ್ಲ 1, 6, 11ರಲ್ಲಿ ಗಿಜಿಗುಟ್ಟುತ್ತಿದ್ದರಿಂದ ರೌಟರ್ ಖಾಲಿ ಜಾಗ ನೋಡಿ 13ಕ್ಕೆ ಹೋಗಿತ್ತು. ಅದರ ಬುದ್ಧಿಗೆ ಅದು ಸರಿ ಅಲ್ವಾ? ನಾನು 2.4ರ ಹೆಸರನ್ನು ಬೇರೆ ಮಾಡಿ ಚಾನೆಲ್ 6ಕ್ಕೆ ಕಟ್ಟಿಹಾಕಿದೆ. ಪಟ್ಟಿಯಲ್ಲಿ ಹೆಸರು ಬಂತು.

ಹೆಸರು ಬಂತು, ಕನೆಕ್ಟ್ ಆಗಲಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ ಆಗಲ್ಲ ಅಂತ ಬರುತ್ತಿತ್ತು. ಸೆಕ್ಯೂರಿಟಿ ನೋಡಿದರೆ ವೈ-ಫೈಗೆ ಬೀಗ ಹಾಕುವ ಪದ್ಧತಿಗಳಾದ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಸೇರಿದ ಮೋಡ್. ಡಬ್ಲ್ಯುಪಿಎ3 ಬಂದಿದ್ದು 2018ರಲ್ಲಿ. ವಿಂಡೋಸ್ 7ಕ್ಕೆ ಅದು ಗೊತ್ತೇ ಇಲ್ಲ. ಎರಡೂ ಸೇರಿದ ಮೋಡಿನಲ್ಲಿ ಹಳೇ ಕಾರ್ಡ್ ಡಬ್ಲ್ಯುಪಿಎ2 ಹಿಡಿದುಕೊಂಡು ಒಳಗೆ ಬರಬೇಕು, ಆದರೆ ಎಷ್ಟೋ ಹಳೇ ಡ್ರೈವರುಗಳು ಅಲ್ಲೇ ಎಡವುತ್ತವೆ. 2.4ಕ್ಕೆ ಮಾತ್ರ ಬರೀ ಡಬ್ಲ್ಯುಪಿಎ2, ಎಇಎಸ್ ಅಂತ ಇಟ್ಟೆ. 5 ಗಿಗಾಹರ್ಟ್ಸನ್ನು ಇದ್ದ ಹಾಗೇ ಬಿಟ್ಟೆ. ಮೋಡ್ ಬಿ, ಜಿ, ಎನ್ ಎಲ್ಲ ಸೇರಿದ್ದು ಅಂತ ಮೊದಲೇ ಇತ್ತು. ಬರೀ ಎನ್ ಮತ್ತು ಅದರಾಚೆಯದು ಅಂತ ಇದ್ದಿದ್ದರೆ ಅದನ್ನೂ ಬದಲಾಯಿಸಬೇಕಿತ್ತು. ಇನ್ನೂ ಹಳೇ ಪದ್ಧತಿಯಾದ ಡಬ್ಲ್ಯುಇಪಿಗೆ ಇಳಿಸಿ ಅಂತ ಕೆಲವರು ಸಲಹೆ ಕೊಡುತ್ತಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಅದು ಬೀಗ ಇಲ್ಲದ ಚಿಲಕ.

ಈ ಸಲ ಕನೆಕ್ಟ್ ಆಯಿತು. ಆದರೆ ನೆಟ್ ಇಲ್ಲ! ಯಜಮಾನರ ಮಗ ನಕ್ಕ. ನನಗೂ ನಗು ಬಂತು.

ಕಮಾಂಡ್ ಪ್ರಾಂಪ್ಟಿನಲ್ಲಿ ಈ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ತೋರಿಸುವ ಐಪಿಕಾನ್ಫಿಗ್ ಹೊಡೆದೆ. 169.254ರಿಂದ ಶುರುವಾಗುವ ನಂಬರ್ ಬಂದಿದ್ದರೆ ರೌಟರ್ ವಿಳಾಸ ಕೊಟ್ಟಿಲ್ಲ ಅಂತ ಅರ್ಥ. ಇಲ್ಲಿ ಬಂದಿದ್ದು 192.168.0.20. ರೌಟರ್ ಇದ್ದಿದ್ದು 192.168.1ರ ಸಾಲಿನಲ್ಲಿ. ಸಾಲು ಬೇರೆಯಾದರೆ ಇಬ್ಬರಿಗೂ ಮಾತು ಹೊಂದಲ್ಲ. ಹಳೇ ರೌಟರ್ ಕಾಲದಲ್ಲಿ ಪ್ರಿಂಟರ್ ಹಂಚಿಕೊಳ್ಳಲು ಯಾರೋ ಕೈಯಿಂದ ವಿಳಾಸ ಬರೆದಿಟ್ಟಿದ್ದರು. ಸ್ಲಾಟ್ ಬದಲಾದ ಮೇಲೆ ಅದು ಅಳಿಸಿಹೋಗಬೇಕಿತ್ತಲ್ಲ ಅಂದುಕೊಂಡೆ. ಆಮೇಲೆ ನೋಡಿದರೆ ಯಜಮಾನರ ಮಗ ನಾನು ರೌಟರ್ ನೋಡುತ್ತಿದ್ದಾಗ ಡೈರಿಯಲ್ಲಿದ್ದ ಹಳೇ ನಂಬರ್ ನೋಡಿಕೊಂಡು ಮತ್ತೆ ತುಂಬಿದ್ದ. ಸಹಾಯ ಮಾಡೋಣ ಅಂತ, ಪಾಪ. ವಿಳಾಸ ತಾನಾಗಿ ತೆಗೆದುಕೊಳ್ಳುವ ಹಾಗೆ ಬದಲಾಯಿಸಿದ ಕೂಡಲೇ ಪೇಜುಗಳು ತೆರೆಯತೊಡಗಿದವು.

ಆಂಟೆನಾ ವಿಷಯ ಒಂದು ಉಳಿದಿತ್ತು. ಕಾರ್ಡಿನ ಆಂಟೆನಾ ಕ್ಯಾಬಿನೆಟ್ಟಿನ ಹಿಂದೆ, ಕ್ಯಾಬಿನೆಟ್ಟಿನ ಹಿಂದೆ ಕಬ್ಬಿಣದ ಬೀರು. ಸಿಗ್ನಲ್ ಎರಡು ಕಡ್ಡಿ. ಉದ್ದನೆ ವೈರಿನ ಆಂಟೆನಾ ಒಂದು ನನ್ನ ಹತ್ತಿರ ಇತ್ತು, ಅದನ್ನು ತಿರುಗಿಸಿ ಹಾಕಿ ಬೀರುವಿನ ತಲೆಯ ಮೇಲೆ ನಿಲ್ಲಿಸಿದೆ. ನಾಲ್ಕು ಕಡ್ಡಿ ಆಯಿತು. ಹಾಗೇ ಡಿವೈಸ್ ಮ್ಯಾನೇಜರಿನ ಪವರ್ ಮ್ಯಾನೇಜ್‌ಮೆಂಟಿನಲ್ಲಿ, ಕರೆಂಟ್ ಉಳಿಸಲು ಕಾರ್ಡ್ ಆಫ್ ಮಾಡಬಹುದು ಅನ್ನುವ ಟಿಕ್ ತೆಗೆದೆ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ವೈ-ಫೈ ಮಲಗಿಬಿಡುವ ರೋಗಕ್ಕೆ ಸಾಮಾನ್ಯವಾಗಿ ಇದೇ ಮದ್ದು.

"ಇದನ್ನ ಹಚ್ಚಿದ್ರೆ ನಮ್ ಮೊಬೈಲ್ ಸ್ಲೋ ಆಗಲ್ವಾ ಅಣ್ಣಾ?" ಅಂತ ಯಜಮಾನರ ಮಗ ಕೇಳಿದ. ಒಳ್ಳೇ ಪ್ರಶ್ನೆ. ಜಿ ಕಾರ್ಡಿಗೆ ಕಾಗದದ ಮೇಲೆ 54 ಎಂಬಿಪಿಎಸ್, ನಿಜಕ್ಕೂ ಸಿಗೋದು ಅದರ ಅರ್ಧಕ್ಕಿಂತ ಕಮ್ಮಿ. ಅದು ಇದ್ದರೆ 2.4ರಲ್ಲಿರುವ ಬೇರೆಯವರಿಗೂ ಒಂದಿಷ್ಟು ಹೊಡೆತ ಬೀಳುತ್ತದೆ. ಮೊಬೈಲುಗಳನ್ನು 5 ಗಿಗಾಹರ್ಟ್ಸಿನ ಹೆಸರಿಗೆ ಹಾಕಿಕೊಂಡರೆ ತೊಂದರೆ ಇಲ್ಲ ಅಂದೆ.

ಕೇಬಲ್ ಎಳೆಯೋದು ಇದೆಲ್ಲಕ್ಕಿಂತ ಒಳ್ಳೇದು ಅನ್ನುವುದು ನನ್ನ ಯಾವತ್ತಿನ ಮಾತು. ಆದರೆ ಇಲ್ಲಿ ರೌಟರ್ ಮಹಡಿ ಮನೆಯಲ್ಲಿ, ಕಂಪ್ಯೂಟರ್ ಗೋದಾಮಿನ ಪಕ್ಕದ ಕೋಣೆಯಲ್ಲಿ. ನಡುವೆ ಚೀಲಗಳ ರಾಶಿ, ಇಲಿಗಳ ಕಾಟ. ಕೇಬಲ್ ಒಂದು ಮಳೆಗಾಲ ಬಾಳಲ್ಲ. ಯುಎಸ್‌ಬಿ ಅಡಾಪ್ಟರ್ ಹಾಕಬಹುದಿತ್ತು. ಕಾರ್ಡ್ ನಿಜವಾಗಿ ಸತ್ತಿದ್ದರೆ ಅದನ್ನೇ ಹಾಕುತ್ತಿದ್ದೆ, ವಿಂಡೋಸ್ 7ಕ್ಕೆ ಡ್ರೈವರ್ ಇದೆಯಾ ಅಂತ ಡಬ್ಬಿ ಮೇಲೆ ನೋಡಿಕೊಂಡು.

ವಿಂಡೋಸ್ 7 ಬಗ್ಗೆ ಮಾತ್ರ ಯಜಮಾನರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. 2020ರ ಜನವರಿ 14ಕ್ಕೇ ಮಾಮೂಲಿ ಅಪ್‌ಡೇಟ್ ನಿಂತಿದೆ. ಕ್ರೋಮ್ ಕೂಡ 109ನೇ ಆವೃತ್ತಿಗೇ ಕೈಬಿಟ್ಟಿದೆ. ಬ್ಯಾಂಕ್ ಕೆಲಸ ಇದರಲ್ಲಿ ಮಾಡಬೇಡಿ, ಮೊಬೈಲಲ್ಲೇ ಮಾಡಿ ಅಂದೆ. ತಲೆ ಆಡಿಸಿದರು. ಮಾಡುತ್ತಾರೋ ಬಿಡುತ್ತಾರೋ.

ಫೈಬರಿನವರು ಯಾವತ್ತಾದರೂ ರೌಟರ್ ರೀಸೆಟ್ ಮಾಡಿದರೆ ಚಾನೆಲ್, ಸೆಕ್ಯೂರಿಟಿ ಎಲ್ಲ ಹಳೇ ಸ್ಥಿತಿಗೆ ಹೋಗುತ್ತವೆ. ಅದಕ್ಕೆ ಒಂದು ಚೀಟಿ ಬರೆದು ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಟಿಸಿದೆ: 2.4ಕ್ಕೆ ಬೇರೆ ಹೆಸರು, ಚಾನೆಲ್ 6, ಡಬ್ಲ್ಯುಪಿಎ2 ಎಇಎಸ್, ವಿಳಾಸ ಆಟೋ. ಕೆಳಗೆ ಇನ್ನೊಂದು ಸಾಲು: ಕಾರ್ಡ್ ಬಿಚ್ಚುವ ಮೊದಲು ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ನೋಡಿ.