ದಿನಾ ಬರೆಸಿದ್ದು ಕೈಕೊಟ್ಟಿತು, ಶನಿವಾರದ ಫೋನ್ ಕೈಹಿಡಿಯಿತು

ಧಾರವಾಡದ ಸಪ್ತಾಪುರದಲ್ಲಿ ರೀಡಿಂಗ್ ರೂಮ್ ನಡೆಸುತ್ತೇನೆ. ಬರುವವರೆಲ್ಲ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದುವವರು. ಅವರ ಮುಖ ಯಾಕೆ ಬಾಡುತ್ತೆ ಅಂತ ಪಿಜಿ, ಕೋಚಿಂಗ್ ನಡೆಸುವ ನಿಮಗೆ ಹೇಳಬೇಕಿಲ್ಲ. ಮನಸ್ಸು ಹಗುರಾಗಲಿ ಅಂತ ಅವರಿಂದ ಕೃತಜ್ಞತೆ ಬರೆಸೋಣ ಅಂದಾಗ ಪಕ್ಕದ ಕೋಚಿಂಗ್‌ನವರು, "ಸುಮ್ನ ಹುಡುಗರ ಟೈಮ್ ಹಾಳ್ ಮಾಡಬ್ಯಾಡ್ರಿ" ಅಂದಿದ್ದರು. ಈಗ ಅವರೇ ಬಂದು ಕೇಳುತ್ತಿದ್ದಾರೆ.

ಮೊದಲು ಎಲ್ಲರಂತೆ ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆಸಿದೆ. ಹುಬ್ಬಳ್ಳಿಯಿಂದ ತಂದ ಡೈರಿಗಳಿಗೆ ನಾಲ್ಕು ಸಾವಿರದ ಹತ್ತಿರ ಹೋಯಿತು. ಒಂದು ವಾರ ಹುರುಪು. ಆಮೇಲೆ ಎಲ್ಲರದ್ದೂ ಅದೇ: ಅಪ್ಪ, ಅವ್ವ, ಆರೋಗ್ಯ. ತಿಂಗಳೊಳಗೆ ಡೈರಿ ತುಂಬಾ ಕರೆಂಟ್ ಅಫೇರ್ಸ್ ನೋಟ್ಸ್. ಗೋಡೆಗೆ ಬೋರ್ಡ್ ಹಾಕಿಸಿ ಚೀಟಿ ಅಂಟಿಸಲು ಹೇಳಿದೆ, ಅದಕ್ಕೊಂದು ಎರಡು ಸಾವಿರ. ಓದುವವರು ಮೆಚ್ಚಲಿ ಅಂತ ಬರೆದರು, ಅಷ್ಟೇ. ಪ್ರಿಲಿಮ್ಸ್ ಹೋದ ಹಾವೇರಿ ಕಡೆಯ ಹುಡುಗನೊಬ್ಬ, "ನನ್ನ ಹಣೇಬರಕ್ಕ ಯಾರಿಗೆ ಥ್ಯಾಂಕ್ಸ್ ಹೇಳ್ಲಿ ಸರ್?" ಅಂತ ಎದ್ದೇ ಹೋದ. ಅವನ ಮಾತು ನೂರಕ್ಕೆ ನೂರು ಸರಿ. ನೊಂದವನಿಗೆ ಖುಷಿಯಾಗಿರು ಅಂದರೆ, ಖುಷಿಯಾಗಿಲ್ವಲ್ಲ ಅನ್ನೋ ಕೊರಗು ಬೇರೆ ಸೇರುತ್ತೆ.

ಮನಶ್ಶಾಸ್ತ್ರಜ್ಞರಾದ ಎಮ್ಮನ್ಸ್ ಮತ್ತು ಮೆಕಲ್ಲೊ ಕೃತಜ್ಞತೆ ಬಗ್ಗೆ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಗುಂಪಿಗೆ ಬರೆಸಿದ್ದು ವಾರಕ್ಕೊಮ್ಮೆ, ಹತ್ತು ವಾರ. ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಲ್ಯುಬೊಮಿರ್ಸ್ಕಿ ಅವರ ಪ್ರಯೋಗದಲ್ಲೂ ವಾರಕ್ಕೊಮ್ಮೆ ಬರೆದವರ ಖುಷಿ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದ್ದು ಇಲ್ಲ. ನನ್ನ ಡೈರಿಗಳ ಕಥೆಯೂ ಇದೇ ಅಲ್ವಾ?

ಈಗ ಶನಿವಾರ ಸಂಜೆ ಮಾತ್ರ. ಮೊದಲು ವಾರದ ಸಿಟ್ಟು ಎರಡು ಸಾಲು. ಇದನ್ನು ಬಿಟ್ಟರೆ ಮುಂದಿನದು ಬರಲ್ಲ. ಆಮೇಲೆ ಒಬ್ಬರು, ಅವರು ಮಾಡಿದ ಒಂದು ಕೆಲಸ, ಅದಕ್ಕಾಗಿ ಅವರು ಏನು ಬಿಟ್ಟುಕೊಟ್ಟರು. ಅರ್ಧ ಪುಟ ಸಾಕು. ಬರೆದದ್ದನ್ನು ಅವರಿಗೇ ಫೋನ್ ಹಚ್ಚಿ ಓದಬೇಕು. ಗದಗಿನ ಹುಡುಗ ಅಣ್ಣನಿಗೆ ಓದಿದ. ಇವನ ಫೀಗಾಗಿ ಬೈಕ್ ಮಾರಿದ ಅಣ್ಣ. ಆ ಕಡೆಯಿಂದ ಮೊದಲು ಬಂದದ್ದು, "ಯಾಕಲೇ, ಆರಾಮ ಅದೀ ಇಲ್ಲೋ?" ಆಮೇಲೆ ಅರ್ಧ ಗಂಟೆ ಮಾತು. ಫೋನಿಗೆ ಮುಂಚೆ ನಾನು ಕೇಳುವ ಎರಡು ಪ್ರಶ್ನೆಗಳಿವೆ. ಅವನ್ನು ಇಲ್ಲಿ ಬರೆಯಲ್ಲ, ರೂಮಿಗೆ ಬಂದವರಿಗೆ ಹೇಳುತ್ತೇನೆ.

ಪ್ರತಿ ಮಂಗಳವಾರ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂತ ಕೇಳುತ್ತೇನೆ. ಮೊದಲು ನಾಲ್ಕರ ಆಸುಪಾಸು ಇತ್ತು, ಎರಡು ತಿಂಗಳಲ್ಲಿ ಆರು ದಾಟಿತು. ಬರೆದು ಫೋನ್ ಮಾಡದವರದ್ದು ಐದಕ್ಕೇ ನಿಂತಿತು. ನಡುವೆ ರೂಮು ಬಿಡುವವರು ಕಡಿಮೆಯಾದರು. ಸಪ್ತಾಪುರದಲ್ಲಿ ಎಷ್ಟೋ ಕಡೆ ಸೀಟು ಖಾಲಿ, ನನ್ನಲ್ಲಿ ವೇಟಿಂಗ್ ಇದೆ!

ಕೆಲಗೇರಿ ಕೆರೆ ದಂಡೆಯಲ್ಲಿ ನಡೆಯುತ್ತಾ ಮನಸ್ಸಲ್ಲೇ ನೆನೆಯುವುದನ್ನೂ ಮಾಡಿಸಿ ನೋಡಿದೆ. ನಡಿಗೆ ಉಳಿಯಿತು, ನೆನೆಯುವುದು ಹೋಯಿತು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಕ್ಕಾರ ಹೆಸರು ಕೇಳಿಕೊಂಡು ಬಂದು ಬರೆಯಿರಿ ಅಂದದ್ದು ಮಾತ್ರ ಚೆನ್ನಾಗಿ ಹತ್ತಿತು. ಹುಡುಗರು ಈಗ ಅವರನ್ನು ಮಾತಾಡಿಸದೆ ಊಟಕ್ಕೆ ಕೂರಲ್ಲ.

ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನ್ನುವವರ ಕೈಗೆ ಈ ಹಾಳೆ ಕೊಡಬೇಡಿ. ಅಂಥವರನ್ನು ನಾನೇ ಇಲ್ಲಿನ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತೇನೆ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಹಚ್ಚಿ ಪಕ್ಕದಲ್ಲೇ ಕೂರುತ್ತೇನೆ. ಉಳಿದವರಿಗೆ ಡೈರಿ ಕೊಳ್ಳಬೇಡಿ, ಝೆರಾಕ್ಸ್ ಅಂಗಡಿಯ ಒಂದು ಕಡೆ ಖಾಲಿ ಇರುವ ಹಾಳೆ ಸಾಕು. ನನಗೆ ತಿಂಗಳಿಗೆ ಐವತ್ತು ರೂಪಾಯಿಯೂ ಆಗಲ್ಲ.