ಅಪ್ಪನಿಗೆ ನೀರು ಕುಡಿಸಲು ಕಲಿತದ್ದು

ಅಪ್ಪ ಕೇಳಿದ್ದು ಒಂದು ಲೋಟ ನೀರು. ಆಸ್ಪತ್ರೆಯಿಂದ ಮಂಡ್ಯದ ಮನೆಗೆ ಬಂದ ಮೂರನೇ ದಿನ ಅದು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದಿದ್ದವು. ಮಾತು ತೊದಲುತ್ತಿತ್ತು. ನಾನು ದಿಂಬು ಸ್ವಲ್ಪ ಎತ್ತರಿಸಿ ಲೋಟ ಬಾಯಿಗಿಟ್ಟೆ. ಎರಡು ಗುಟುಕು ಇಳಿಯಿತು, ಆಮೇಲೆ ಕೆಮ್ಮು. ನೆತ್ತಿಗೆ ಹತ್ತಿತು ಅಂತ ತಲೆ ತಟ್ಟಿದೆ. ದಿನಾ ಹೀಗೇ ಆಗುತ್ತಿತ್ತು, ದಿನಾ ತಟ್ಟುತ್ತಿದ್ದೆ. ವಾರದೊಳಗೆ ಜ್ವರ, ಉಬ್ಬಸ, ಮತ್ತೆ ಆಸ್ಪತ್ರೆ. ನ್ಯುಮೋನಿಯಾ ಅಂದರು. ನಾನು ಪ್ರೀತಿಯಿಂದ ಕುಡಿಸಿದ ನೀರು ಶ್ವಾಸಕೋಶಕ್ಕೆ ಹೋಗಿತ್ತು.

ಮೊದಲ ಸಲ ಮನೆಗೆ ಕಳಿಸುವಾಗ ಮಾತ್ರೆ ಪಟ್ಟಿ ಕೊಟ್ಟಿದ್ದರು, ಕೈಕಾಲಿನ ವ್ಯಾಯಾಮ ತೋರಿಸಿದ್ದರು. ನುಂಗುವುದರ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಸಲ ಮೂಗಿಗೆ ನಳಿಕೆ ಹಾಕಿದರು. ಮೂರು ವಾರ ಅದರಲ್ಲೇ ಊಟ. ನಂತರ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. 1965ರಲ್ಲಿ ಶುರುವಾದ ಸಂಸ್ಥೆ ಅದು. ಮಾತು, ಕಿವಿ ನೋಡುವ ಜಾಗ ಅಂತಷ್ಟೇ ನನಗೆ ಗೊತ್ತಿತ್ತು. ನುಂಗುವ ತೊಂದರೆಯನ್ನೂ ಅಲ್ಲೇ ನೋಡುತ್ತಾರೆ. ಮಾತಿಗೂ ನುಂಗುವುದಕ್ಕೂ ಬೇಕಾದ್ದು ಅದೇ ನಾಲಿಗೆ, ಅದೇ ಗಂಟಲು ಅಲ್ವಾ.

ಅಲ್ಲಿ ಥೆರಪಿಸ್ಟ್ ಹೇಳಿದ್ದು ಕೇಳಿ ನನಗೆ ನಂಬಲಾಗಲಿಲ್ಲ. ಗಟ್ಟಿ ಊಟಕ್ಕಿಂತ ನೀರೇ ಅಪ್ಪನಿಗೆ ಜಾಸ್ತಿ ಅಪಾಯ. ನಾವು ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಲಕ್ವ ಆದವರಲ್ಲಿ ಅದು ಮುಚ್ಚುವುದು ತಡವಾಗಬಹುದು. ನೀರು ತೆಳು, ಅಷ್ಟರಲ್ಲಿ ಜಾರಿ ಒಳಗೆ ಹೋಗಿಬಿಡುತ್ತದೆ. ಸ್ವಲ್ಪ ಮಂದವಾಗಿದ್ದರೆ ನಿಧಾನಕ್ಕೆ ಇಳಿಯುತ್ತದೆ. ಅನ್ನ ಸಾರು ಕೂಡ ಸುಲಭ ಅಲ್ಲ. ಅನ್ನ ಬಾಯಲ್ಲೇ ಇರುತ್ತದೆ, ಸಾರು ಮುಂದೆ ಓಡುತ್ತದೆ.

ಇದೆಲ್ಲ ಅಪ್ಪನನ್ನು ಪರೀಕ್ಷೆ ಮಾಡಿ ಅವರಿಗೆ ಅಂತ ಹೇಳಿದ್ದು. ನಿಮ್ಮ ಮನೆಯವರಿಗೆ ಬೇರೆ ಇರಬಹುದು. ತೋರಿಸಿಯೇ ಶುರು ಮಾಡಿ.

ಅವತ್ತಿನಿಂದ ಅಡುಗೆ ಬದಲಾಯಿತು. ರಾಗಿ ಗಂಜಿಯನ್ನು ಚಮಚದಿಂದ ಸುರಿದರೆ ಹರಿಯಬಾರದು, ನಿಧಾನಕ್ಕೆ ಬೀಳಬೇಕು, ಅಷ್ಟು ಹದ. ಮೊಸರನ್ನ ಚೆನ್ನಾಗಿ ಹಿಸುಕಿ ಕೊಡುತ್ತಿದ್ದೆ. ಬಾಳೆಹಣ್ಣು ಕಿವುಚಿ ಅದರಲ್ಲಿ ಮಾತ್ರೆ. ಎಲ್ಲ ಮಾತ್ರೆಯನ್ನೂ ಪುಡಿ ಮಾಡುವ ಹಾಗಿಲ್ಲ, ಯಾವುದನ್ನು ಮಾಡಬಹುದು ಅಂತ ಡಾಕ್ಟರನ್ನು ಕೇಳಿಕೊಂಡೆ.

ಊಟಕ್ಕಿಂತ ಮೊದಲು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಬೇಕು. ಇದೇ ಮುಖ್ಯ, ಇದೇ ಕಷ್ಟ. ಬಲಕ್ಕೆ ವಾಲುತ್ತಾರೆ, ಅಲ್ಲಿ ದಿಂಬು ಒತ್ತಿ ಇಡುತ್ತಿದ್ದೆ. ಚಿಕ್ಕ ಚಮಚ, ಅರ್ಧ ಮಾತ್ರ, ಬಾಯಿಯ ಎಡಗಡೆಗೆ. ನುಂಗಿದರಾ ಅಂತ ಗಂಟಲು ನೋಡಬೇಕು. ಆಮೇಲೆ "ಅಪ್ಪಾ, ಆ ಅನ್ನಿ" ಅಂತೀನಿ. ದನಿ ಗೊರಗೊರ ಅಂದರೆ ಇನ್ನೂ ಅಲ್ಲೇ ಇದೆ ಅಂತ. ಆಗ ಇನ್ನೊಂದು ಚಮಚ ಕೊಡಬಾರದು. ಬಲಗೆನ್ನೆಯೊಳಗೆ ತುತ್ತು ಕೂತಿರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಊಟ ಆದಮೇಲೆ ಬಾಯಿ ಒರೆಸಿ, ಹಲ್ಲು ಉಜ್ಜಿ, ಅರ್ಧ ಗಂಟೆ ಹಾಗೇ ಕೂರಿಸುತ್ತಿದ್ದೆ. ಬಾಯಿ ಗಲೀಜಿದ್ದರೆ ಅಲ್ಲಿನ ಕ್ರಿಮಿಗಳೂ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಒಂದು ಊಟಕ್ಕೆ ಮುಕ್ಕಾಲು ಗಂಟೆ. ಟಿವಿ ಇಲ್ಲ, ಮಾತಿಲ್ಲ.

ಎಡಗೈಯಲ್ಲಿ ತಿನ್ನಿ ಅಂದರೆ ಅಪ್ಪ ಒಪ್ಪಲಿಲ್ಲ. ಎಡಗೈಲಿ ಅನ್ನ ಮುಟ್ಟುವುದಾ ಅಂತ ಕಣ್ಣಲ್ಲಿ ನೀರು. ಎರಡು ತಿಂಗಳು ನಾನೇ ತಿನ್ನಿಸಿದೆ. ಒಂದು ದಿನ ಅವರೇ ಚಮಚ ತೆಗೆದುಕೊಂಡರು. ನಾನು ಏನೂ ಹೇಳಲಿಲ್ಲ, ಸುಮ್ನೆ ಪಕ್ಕದಲ್ಲಿ ಕೂತೆ.

ನನ್ನನ್ನು ಜಾಸ್ತಿ ನೋಯಿಸಿದ್ದು ನೋಡಲು ಬರುವವರ ಪ್ರೀತಿ. ನಮ್ಮ ಕಡೆ ಕಾಯಿಲೆಯವರ ಮನೆಗೆ ಯಾರೂ ಬರಿಗೈಲಿ ಬರುವುದಿಲ್ಲ. ಮದ್ದೂರಿಂದ ಬರುವವರು ಎಳನೀರು ತರುತ್ತಾರೆ, ಕೂಡಲೇ ಕೆತ್ತಿ ಬಾಯಿಗೆ ಹಿಡಿಯುತ್ತಾರೆ. ಬೇಡ ಅಂದೆ. "ಹೆತ್ತಪ್ಪನಿಗೆ ನೀರು ಕೊಡಲ್ವಲ್ಲ" ಅಂತ ನಮ್ಮ ಅತ್ತೆಯೊಬ್ಬರು ಹಟ್ಟಿಯಲ್ಲಿ ನಿಂತು ಅತ್ತರು. ಸಾಯುವವರ ಬಾಯಿಗೂ ನೀರು ಬಿಡುವ ಜನ ನಾವು. ಆ ಮಾತು ಕೇಳಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೆಯ ದಿನ ಅವರನ್ನೇ ಕರೆದು ಚಮಚ ಕೈಗೆ ಕೊಟ್ಟೆ. ಹೇಗೆ ಕೊಡಬೇಕು ಅಂತ ತೋರಿಸಿದೆ. ಅಪ್ಪ ಕೆಮ್ಮದೆ ಒಂದು ಬಟ್ಟಲು ಗಂಜಿ ಮುಗಿಸಿದರು. ಅತ್ತೆ ಅಂದಿನಿಂದ ದಿನಾ ಮಧ್ಯಾಹ್ನ ಬಂದರು. ಆ ಹೊತ್ತಲ್ಲೇ ನಾನು ಸ್ನಾನ ಮಾಡಿ ಒಂದು ಗಂಟೆ ಮಲಗುತ್ತಿದ್ದೆ. ಬೆಂಗಳೂರಿಂದ ಭಾನುವಾರ ಬರುವ ತಮ್ಮನಿಗೂ ಹೀಗೇ ಕಲಿಸಿದೆ. ಅವನು ದುಡ್ಡು ಕಳಿಸುತ್ತಿದ್ದ. ಆದರೆ ಅಪ್ಪನ ಎದುರು ಮುಕ್ಕಾಲು ಗಂಟೆ ಕೂತ ಮೇಲೆಯೇ ನನ್ನ ದಿನ ಹೇಗಿರುತ್ತದೆ ಅಂತ ಅವನಿಗೆ ಗೊತ್ತಾಯಿತು.

ಈಗ ಒಂಬತ್ತು ತಿಂಗಳು. ಜ್ವರ ಮತ್ತೆ ಬಂದಿಲ್ಲ. ಥೆರಪಿಸ್ಟ್ ಒಪ್ಪಿಗೆ ಕೊಟ್ಟ ಮೇಲೆ ಬರೀ ನೀರನ್ನು ಚಮಚದಲ್ಲಿ ಶುರು ಮಾಡಿದ್ದೇವೆ, ಬಾಯಿ ತೊಳೆದ ಮೇಲೆ ಮಾತ್ರ. ಮೊದಲ ಚಮಚ ಇಳಿದಾಗ ಅಪ್ಪ ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಕೂತಿದ್ದರು.

ಮುದ್ದೆ ಇನ್ನೂ ಇಲ್ಲ. ದಿನಾ ಕೇಳುತ್ತಾರೆ.